ಕ್ಯಾಪ್ಟನ್ ಹಂಡೆ

ಊರಿಗೆಲ್ಲ ಚಿಕ್ಕಮ್ಮನಾದ ಟ್ಯಾಂಟಿ ಫೀಮಿಯನ್ನು ಹಿಂದಿನಿಂದ ಕೂಗಿದರೆ ಆಕೆ ತಿರುಗುವುದಿಲ್ಲ. ಕಿವಿ ಮಂದವೆಂದಲ್ಲ, ಅರ್ಧ ಮೈಲಿ ಆಚೆ ಯಾರದೋ ಹಾಯಿಯ ಅಂಚು ಪಟಪಟಿಸಿದರೂ ಆ ಎಪ್ಪತ್ತೊಂದರ ಕಿವಿಗಳು ಅದನ್ನು ಹಿಡಿಯುತ್ತವೆ. ಆಕೆಯೊಡನೆ ಕೆಲಸವಿದ್ದವರು ಓಡಿಹೋಗಿ, ಆಕೆಯನ್ನು ದಾಟಿ, ಎದುರಿಗೆ ನಿಂತು, ಮೊದಲು ‘ಗುಡ್ ಮಾರ್ನಿಂಗ್’ ಹೇಳಿ, ಉಸಿರು ಸುಧಾರಿಸಿಕೊಂಡು, ಆಮೇಲೆ ವಿಷಯಕ್ಕೆ ಬರಬೇಕು. ಕ್ಯಾರಿಯಕೂ ದ್ವೀಪದ ಈ ನಮ್ಮ ವಿಂಡ್‌ವರ್ಡ್ ಹಳ್ಳಿಯಲ್ಲಿ ಹುಟ್ಟಿದ ಮಕ್ಕಳು ನಡೆಯಲು ಕಲಿತ ಮರುದಿನವೇ ಇದನ್ನೂ ಕಲಿತುಬಿಡುತ್ತವೆ.

ಆಕೆಯ ನಡಿಗೆಯೂ ಹಾಗೆಯೇ ದಡದ್ದಲ್ಲ. ಕಾಲುಗಳನ್ನು ಅಗಲಿಸಿ, ಮಂಡಿಯನ್ನು ಸ್ವಲ್ಪ ಸಡಿಲ ಬಿಟ್ಟು, ರಸ್ತೆ ಯಾವ ಕ್ಷಣದಲ್ಲಾದರೂ ಮೇಲೆದ್ದು ಇಳಿದೀತು ಎಂಬ ಮುಂಜಾಗ್ರತೆಯಲ್ಲಿ ನಡೆಯುವ ಆ ಗಂಭೀರ ಗತಿಯನ್ನು ಕಂಡು, ಮೊದಲ ಸಲ ನೋಡುವವರು ಕುಡಿದಿರಬೇಕೆಂದುಕೊಳ್ಳುತ್ತಾರೆ. ಮೈಮೇಲೆ ಸದಾ ಒಂದು ಕಪ್ಪು ಉಣ್ಣೆಯ ಕೋಟು. ಉತ್ತರದ ಮಂಜಿನ ಬಂದರುಗಳಿಂದ ಉಪ್ಪುಮೀನು ಹೇರಿಕೊಂಡು ಬರುತ್ತಿದ್ದ ಆಕೆಯ ತಂದೆ ಕ್ಯಾಪ್ಟನ್ ಜೊಸಾಯನದು ಅದು. ಹಿತ್ತಾಳೆಯ ಎಂಟು ಗುಂಡಿಗಳಲ್ಲಿ ಎರಡು ಉಳಿದಿವೆ. ತೋಳುಗಳನ್ನು ಮೂರು ಸುತ್ತು ಮಡಿಚಿದರೂ ಬೆರಳ ತುದಿ ಮಾತ್ರ ಹೊರಗೆ ಕಾಣುತ್ತದೆ. ಜೇಬುಗಳಲ್ಲಿ ಶುಂಠಿಯ ತುಂಡು, ಜಾಯಿಕಾಯಿ, ಹುರಿ, ಬಾಯಲ್ಲಿರಬೇಕಾದ ಕಟ್ಟಿಸಿದ ಹಲ್ಲು. ನೆರಳೂ ಬೆವರುವ ನಮ್ಮ ಏಪ್ರಿಲ್‌ನಲ್ಲಿ ಇದೇಕೆಂದು ಕೇಳಿದವರಿಗೆ ಉತ್ತರ ಸಿಕ್ಕಿಲ್ಲ. ಆದರೆ ಆಕೆ ಕೋಟಿನೊಡನೆ ಮಾತನಾಡುವುದನ್ನು ಎಲ್ಲರೂ ಕೇಳಿದ್ದಾರೆ. ಯಾವ ಮಾತು ಆಡಿದರೂ ಕೊನೆಗೆ ಗಲ್ಲವನ್ನು ಕಾಲರಿನತ್ತ ಬಾಗಿಸಿ, “ಅಲ್ವಾ ಅಪ್ಪಾ?” ಎಂದು ಕೇಳಿಯೇ ಮುಗಿಸುವುದು.

ತಂದೆ ಕೋಟಿನ ಜೊತೆ ಬಿಟ್ಟುಹೋದದ್ದು ಒಂದು ಹಾಯಿದೋಣಿ, ಒಂದು ಮಾತು. ಹನ್ನೊಂದು ವರ್ಷ ಹಿಡಿದು ಕಟ್ಟಿ ಮುಗಿಸಿದ್ದರಿಂದ ದೋಣಿಗೆ ‘ಲೇಟ್ ಬ್ಲೆಸ್ಸಿಂಗ್’ ಎಂದು ಹೆಸರು. ಮಾತು ಇಷ್ಟು: ಹಾಯಿ ಬಿಚ್ಚಿದ ಮೇಲೆ ಬಿಟ್ಟ ದಡಕ್ಕೆ ತಿರುಗಬೇಡ, ತಿರುಗಿದರೆ ನಿನ್ನ ಅಂಜಿಕೆ ಸಮುದ್ರಕ್ಕೆ ತಿಳಿದುಬಿಡುತ್ತದೆ. ಐವತ್ತು ವರ್ಷ ಆಕೆ ಅದನ್ನು ನಡೆಸಿದಳು. ನೆಂಟರ ಹುಡುಗ ಬಾರ್ನಬಿಯ ಮದುವೆಗೆ ದಿಬ್ಬಣವನ್ನು ಯೂನಿಯನ್ ದ್ವೀಪಕ್ಕೆ ಕರೆದೊಯ್ಯುವಾಗ, ಉಂಗುರ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತೆಂದು ನಡುದಾರಿಯಲ್ಲಿ ನೆನಪಾಯಿತಂತೆ. ಮದುಮಗ ಕೈಮುಗಿದ, ಅವನ ತಾಯಿ ಅತ್ತಳು. ಚುಕ್ಕಾಣಿ ಹಿಡಿದವಳು ಮುಂದಕ್ಕೇ ನೋಡುತ್ತ, “ಉಂಗುರ ಇಲ್ದೆ ಮದುವೆ ಆಗುತ್ತೆ, ದೋಣಿ ಇಲ್ದೆ ಆಗಲ್ಲ. ಅಲ್ವಾ ಅಪ್ಪಾ?” ಎಂದಳು. ಬಾರ್ನಬಿ ಪರದೆಗೆ ಹಾಕುವ ಹಿತ್ತಾಳೆಯ ಬಳೆಯಿಂದ ಮದುವೆಯಾದ. ಈಗ ನಾಲ್ಕು ಮಕ್ಕಳ ತಂದೆ. ಆ ಸಿಟ್ಟು ಮಾತ್ರ ಇನ್ನೂ ಬಿಟ್ಟಿಲ್ಲ.

ಆಕೆಯ ದೋಣಿಯಲ್ಲಿ ಇನ್ನೊಂದು ಕಟ್ಟಳೆಯುಂಟು. ಜನರನ್ನು ಎಣಿಸಕೂಡದು. ತಲೆ ಎಣಿಸಿ ಹೇಳಿದ ಸಂಖ್ಯೆಯನ್ನು ಸಮುದ್ರ ಕೇಳಿಸಿಕೊಂಡು ಅದರಲ್ಲೊಂದನ್ನು ಕಳೆಯುತ್ತದೆ ಎಂದು ಆ ಮನೆತನದ ನಂಬಿಕೆ. ಅದಕ್ಕೇ ಆಕೆ ತಟ್ಟೆ ಎಣಿಸುತ್ತಾಳೆ. ದೋಣಿ ಹತ್ತಿದ ಒಬ್ಬೊಬ್ಬರಿಗೂ ಒಂದೊಂದು ತಗಡಿನ ತಟ್ಟೆ. ಅದನ್ನು ಯಾರ ಕೈಗೂ ಬಿಡದೆ ತಾನೇ ತೊಳೆದು ತಾನೇ ಬುಟ್ಟಿಗಿಡುವುದು. ಹೊರಡುವಾಗ ತಟ್ಟೆ ಸರಿಯಿದ್ದರೆ ಜನವೂ ಸರಿ. ಇವುಗಳ ಜೊತೆಗೆ ಅಪ್ಪನದೊಂದು ತಟ್ಟೆ ಯಾವಾಗಲೂ ಹೆಚ್ಚಿಗೆ ಇರುತ್ತದೆ. ತೀರಿಹೋದ ಹಿರಿಯರಿಗೆ ಮೊದಲ ತುತ್ತು ಎತ್ತಿಡುವ ನಮ್ಮೂರಿನಲ್ಲಿ ಇದು ಯಾರಿಗೂ ವಿಚಿತ್ರವೆನಿಸಿದ್ದಿಲ್ಲ.

ಈ ಎರಡು ಕಟ್ಟಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಒಂದೇ ಒಂದು ದಿನ. ನಾಲ್ಕು ವರ್ಷಗಳ ಹಿಂದಿನ ಈಸ್ಟರ್ ಸೋಮವಾರ. ಆ ದಿನದ ಪುಟ ನನ್ನ ದಿನಚರಿಯಲ್ಲಿ ಖಾಲಿಯಿದೆ. ಬರೆಯಲು ಕೈ ಬರಲಿಲ್ಲ ಎಂದಲ್ಲ, ಬರೆದರೆ ಓದುವವರು ಮನೆಯಲ್ಲೇ ಇದ್ದರು.

ನನ್ನ ಅತ್ತೆ ಮಾ ಡಾರ್ಕಸ್ ಇರುವುದು ದೊಡ್ಡ ದ್ವೀಪದ ಗುವಾವ್ ಊರಿನಲ್ಲಿ. ಅವರ ಮಗ, ನನ್ನ ಗಂಡ, ಸರಕು ಹಡಗಿನಲ್ಲಿ. ಮನೆಗೆ ಬರುವುದು ವರ್ಷಕ್ಕೆ ಎರಡು ಸಲ. ಏಳು ತಿಂಗಳ ಮಗಳು ಜೂನಿಯನ್ನು ನಾನೊಬ್ಬಳೇ ಸಾಕುತ್ತಿದ್ದೆ. ಹಬ್ಬಕ್ಕೆಂದು ಬಂದ ಅತ್ತೆ ಮೂರು ದಿನ ನನ್ನನ್ನು ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಒಲೆಯ ಮೇಲಿನ ಹಾಲು ಉಕ್ಕಿತು. ನಾನು ಕಿಟಕಿಯ ಬಳಿ ಬರೆಯುತ್ತ ಕೂತಿದ್ದೆ.

“ಪುಸ್ತಕ ತುಂಬೋದು ನಿಂಗೆ ಗೊತ್ತಾಗುತ್ತೆ ಡೆಲ್ಫಿ, ಹಾಲು ಉಕ್ಕೋದು ಗೊತ್ತಾಗಲ್ಲ,” ಎಂದರು ಪಾತ್ರೆ ಇಳಿಸುತ್ತ. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. “ಗುರುವಾರದ ಹಡಗಿಗೆ ಹೋಗ್ತೀನಿ. ಮಗೂನ ಕರ್ಕೊಂಡು ಹೋಗ್ಲಾ ಅಂತ ಯೋಚ್ನೆ ಮಾಡ್ತಿದೀನಿ. ಸ್ಕೂಲಿಗೆ ಸೇರೋವರೆಗೆ. ಇನ್ನೂ ನಿರ್ಧಾರ ಮಾಡಿಲ್ಲ. ನೋಡ್ತೀನಿ.”

ಅಜ್ಜಿಯರು ಮೊಮ್ಮಕ್ಕಳನ್ನು ಒಯ್ದು ಸಾಕುವುದು ನಮ್ಮಲ್ಲಿ ಹೊಸದಲ್ಲ. ಬೇಡವೆಂದರೆ ಮಗ್ಗುಲ ಮನೆಯವರೂ ನನ್ನ ಪರ ನಿಲ್ಲುತ್ತಿರಲಿಲ್ಲ. ಆ ‘ನೋಡ್ತೀನಿ’ ಎಂಬ ಒಂದು ಮಾತಿನ ಕೆಳಗೆ ನಾನು ನಾಲ್ಕು ದಿನ ಬದುಕಬೇಕಿತ್ತು.

ಸೋಮವಾರ ಗೆಳತಿಯರು ಬಾಗಿಲಿಗೆ ಬಂದರು. ವರ್ನಾ ಶಾಲೆಯ ಮೇಡಂ, ಸುಮ್ಮನಿರುವುದು ಆಕೆಗೆ ತಿಳಿಯದು. ಐಯೋನಿ ಬ್ರೆಡ್ಡಿನ ಅಂಗಡಿಯವಳು, ಹತ್ತು ಮಾತಿಗೆ ಒಂದು ಮಾತು. ಮೂವರೂ ಒಂದೇ ಬೆಂಚಿನಲ್ಲಿ ಓದಿದವರು. ಪ್ರತಿ ಈಸ್ಟರ್ ಸೋಮವಾರ ಟ್ಯಾಂಟಿ ಫೀಮಿಯ ದೋಣಿಯಲ್ಲಿ ಥಿಂಬಲ್‌ಗೆ ಹೋಗಿ ಅಡುಗೆ ಮಾಡಿ ಉಂಡು ಬರುವುದು ನಮ್ಮ ಹಳೆಯ ಪರಿಪಾಠ. ದರ್ಜಿ ಬೆರಳಿಗೆ ಹಾಕಿಕೊಳ್ಳುವ ಟೋಪಿಯನ್ನು ಬೋರಲು ಹಾಕಿದಂತಿರುವ ಆ ಪುಟ್ಟ ದ್ವೀಪದಲ್ಲಿ ಮನೆಯಿಲ್ಲ, ಬಾವಿಯಿಲ್ಲ. ಒಂದು ಮರಳ ದಡ, ನಾಲ್ಕು ಕಡಲದ್ರಾಕ್ಷಿ ಮರ, ಅಷ್ಟೆ.

“ಮನೇಲಿ ಕೂತ್ರೆ ಅತ್ತೆ ನಿನ್ನನ್ನ ನೋಡ್ತಾರೆ, ಬಾ, ಸಮುದ್ರ ನೋಡ್ಲಿ,” ಎಂದಳು ವರ್ನಾ.

ಥಿಂಬಲ್ ಇರುವುದು ಗಾಳಿ ಬರುವ ದಿಕ್ಕಿಗೆ. ಹೋಗುವಾಗ ಎದುರುಗಾಳಿಯಲ್ಲಿ ಓರೆ ಓರೆಯಾಗಿ ಹತ್ತಿ ಹೋಗಬೇಕು. ಬರುವಾಗ ಗಾಳಿಯೇ ಬೆನ್ನು ತಟ್ಟಿ ಕಳಿಸುತ್ತದೆ. ಹೋದೆವು. ಟ್ಯಾಂಟಿಯ ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ದೀವಿಹಲಸು, ಉಪ್ಪುಮಾಂಸ, ಕೆಸುವಿನ ಸೊಪ್ಪು ಜೋಡಿಸಿ, ಮುಳುಗುವಷ್ಟು ತೆಂಗಿನ ಹಾಲು ಹೊಯ್ದು, ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಮಾತ್ರ ಚಿಟಿಗುಡುವವರೆಗೆ ಬೇಯಿಸಿ, ಅಪ್ಪನ ತಟ್ಟೆಗೆ ಮೊದಲು ಬಡಿಸಿ ಉಂಡೆವು. ಜೂನಿ ಕೈಯಿಂದ ಕೈಗೆ ಹೋಗಿ, ಕೊನೆಗೆ ದಣಿದು, ತನ್ನ ಬುಟ್ಟಿಯಲ್ಲಿ ಮಲಗಿದಳು. ಆ ಬುಟ್ಟಿಯನ್ನೂ ತಟ್ಟೆಯ ಬುಟ್ಟಿಯನ್ನೂ ಹೆಣೆದದ್ದು ಒಂದೇ ಕೈ. ಎರಡಕ್ಕೂ ಹೊದಿಸಿದ್ದು ಒಂದೇ ಹಳೆಯ ಹಾಯಿಯಿಂದ ಕತ್ತರಿಸಿದ ಬಟ್ಟೆ.

ಮುಂದಿನದನ್ನು ಸಾವಧಾನವಾಗಿ ಬರೆಯಬೇಕು. ಬಿಸಿಲು ಸರಿಯಿತೆಂದು ಐಯೋನಿ ಮಗುವಿನ ಬುಟ್ಟಿಯನ್ನು ಮರದ ಆಚೆಯ ನೆರಳಿಗೆ ಸರಿಸಿದಳು. ನಾನು ಆಗ ಬಂಡೆಯ ಹಿಂದೆ ಮಗುವಿನ ಬಟ್ಟೆ ಜಾಲಿಸುತ್ತಿದ್ದೆ. ತಿರುಗಿ ಬರುವಾಗ ಬುಟ್ಟಿಯಿದ್ದ ಜಾಗ ಬರಿದಾಗಿತ್ತು. ಸೊಂಟಮಟ್ಟದ ನೀರಿನಲ್ಲಿ ವರ್ನಾ ಬಟ್ಟೆ ಹೊದಿಸಿದ ಬುಟ್ಟಿಯೊಂದನ್ನು ತಲೆಯ ಮೇಲಿಟ್ಟು ಹೆಜ್ಜೆ ನೋಡಿ ನೋಡಿ ದೋಣಿಯತ್ತ ಹೋಗುತ್ತಿದ್ದಳು. ಎಷ್ಟು ಜೋಪಾನವಾಗಿ ಒಯ್ಯುತ್ತಿದ್ದಾಳೆ ಎಂದು ನನಗೆ ಹೃದಯ ತುಂಬಿತು. ಐಯೋನಿ ಹಂಡೆ ಹೊತ್ತಳು. ತಾಯಿ ಇರುವಾಗ ಮಗುವನ್ನು ತಾಯಿಯೇ ತರುತ್ತಾಳೆಂದು ಇಬ್ಬರ ನಂಬಿಕೆ. ಟ್ಯಾಂಟಿ ದೋಣಿಯಲ್ಲಿ ಬುಟ್ಟಿಯ ಬಟ್ಟೆಯ ಕೆಳಗೆ ಕೈ ಹಾಕಿ, ಬೆರಳಿನಲ್ಲೇ ತಟ್ಟೆ ಎಣಿಸಿ, “ಐದು. ಎಲ್ಲ ಬಂದ್ರು. ಅಲ್ವಾ ಅಪ್ಪಾ?” ಎಂದು ಹಾಯಿ ಬಿಚ್ಚಿದಳು. ಕೊನೆಯಲ್ಲಿ ಹತ್ತಿದ ನಾನು ಒದ್ದೆ ಬಟ್ಟೆಯ ಗಂಟು ಹಿಂಡುವುದರಲ್ಲಿದ್ದೆ. ಆ ಮಾತು ಗಾಳಿಗೆ ಹೋಯಿತು.

ಬುಟ್ಟಿ ನನ್ನ ಎದುರಿಗೇ ನೆರಳಿನಲ್ಲಿತ್ತು. ಹಾಡು ತೆಗೆದ ವರ್ನಾಳನ್ನು ನಾನೇ ಗದರಿದೆ: “ಶ್! ಮೆಲ್ಲಗೆ ಕಣೇ, ಎದ್ದುಬಿಡ್ತಾಳೆ.” ತಟ್ಟೆಗಳ ಬಗ್ಗೆ ಹೇಳುತ್ತಿದ್ದೇನೆಂದು ಯಾರು ತಾನೇ ತಿಳಿದಾರು? ಇದು ಕೊನೆಗೆ ಹತ್ತಿದ ನಾನು ತಂದಿಟ್ಟ ಮಗುವಿನ ಬುಟ್ಟಿ, ತಟ್ಟೆಯದನ್ನು ಟ್ಯಾಂಟಿ ಎಲ್ಲೋ ಎತ್ತಿಟ್ಟಿದ್ದಾಳೆ ಎಂದುಕೊಂಡು ಗೆಳತಿಯರಿಬ್ಬರೂ ದನಿ ತಗ್ಗಿಸಿದರು; ಟ್ಯಾಂಟಿ ಮುಂದಕ್ಕೇ ನೋಡುತ್ತಿದ್ದಳು. ಐದು ತಗಡಿನ ತಟ್ಟೆಗಳ ನಿದ್ದೆಗೆ ಭಂಗ ಬಾರದಂತೆ ನಾವು ಇಪ್ಪತ್ತು ನಿಮಿಷ ಪಿಸುಗುಟ್ಟುತ್ತ ಬಂದೆವು. ಎದೆ ಹಾಲಿನಿಂದ ಬಿಗಿಯಿತು. ಇನ್ನೈದು ನಿಮಿಷ ಮಲಗಲಿ ಎಂದು ತಡೆದೆ. ಅಷ್ಟರಲ್ಲಿ ದ್ವೀಪಗಳ ನಡುವಿನ ಕಡಲಿನ ಅಡ್ಡ ಅಲೆಯೊಂದು ದೋಣಿಯ ಪಕ್ಕೆಗೆ ಬಡಿದು, ಬುಟ್ಟಿ ಝಣ್ ಎಂದಿತು.

“ಏನೇ ಇದು, ನಿನ್ ಮಗಳಿಗೆ ಇಷ್ಟು ಬೇಗ ಹಲ್ಲು ಬಂದ್ವಾ?” ಎಂದು ನಕ್ಕ ವರ್ನಾ, ಆ ನಗೆಯನ್ನು ಮುಗಿಸಲಿಲ್ಲ.

ನಾನು ಬಟ್ಟೆ ಎಳೆದೆ. ಆಮೇಲೆ ಕೂಗಿದವಳು ನಾನೇ ಇರಬೇಕು.

ಟ್ಯಾಂಟಿ ಫೀಮಿ ಬುಟ್ಟಿ ನೋಡಿದಳು, ನನ್ನ ರವಿಕೆಯ ಮೇಲೆ ಹರಡುತ್ತಿದ್ದ ಹಾಲಿನ ಒದ್ದೆ ನೋಡಿದಳು. ಆಮೇಲೆ ನಾನು ಎಂದೂ ಕಂಡಿರದ ಒಂದನ್ನು ಕಂಡೆ: ಆ ಕತ್ತು ತಿರುಗಿತು. ಬಿಟ್ಟುಬಂದ ದಡವನ್ನು ಆಕೆ ಕಣ್ಣು ಕಿರಿದು ಮಾಡಿ ಅಳೆದಳು. ಚುಕ್ಕಾಣಿಯನ್ನು ಮಂಡಿಯಿಂದ ಒತ್ತಿ ಹಿಡಿದು, ಎರಡು ಗುಂಡಿ ಬಿಚ್ಚಿ, ಕೋಟನ್ನು ತೆಗೆದು, ಒಳಮೈ ಹೊರಗಾಗುವಂತೆ ಮಡಿಚಿ ಹಲಗೆಯ ಕೆಳಗಿಟ್ಟಳು.

“ಅಪ್ಪಾ, ಸ್ವಲ್ಪ ಹೊತ್ತು ಕಣ್ಮುಚ್ಕೋ,” ಎಂದಳು. “ತಲೆ ಬಗ್ಗಿಸ್ರೇ ಎಲ್ರೂ!” ಹಾಯಿಯ ಅಡ್ಡಮರ ನಮ್ಮ ತಲೆಯ ಮೇಲೆ ಬೀಸಿ ಹೋಯಿತು. ದೋಣಿ ತಿರುಗಿತು.

ಇಪ್ಪತ್ತು ನಿಮಿಷದಲ್ಲಿ ಇಳಿದು ಬಂದ ದಾರಿಯನ್ನು ಎದುರುಗಾಳಿಯಲ್ಲಿ ಹತ್ತಲು ಒಂದು ಗಂಟೆ ಮೇಲಾಯಿತು. ಎದುರುಗಾಳಿಯ ಕ್ರೌರ್ಯವೇ ಅದು: ಮಗುವನ್ನು ಸೇರಬೇಕಾದರೆ ಮಗುವಿನಿಂದ ಮುಖ ತಿರುಗಿಸಿ ದೂರ ಹೋಗಬೇಕು, ಹೋಗಿ, ಅಲ್ಲಿಂದ ಮತ್ತೆ ಹೊರಳಬೇಕು. ಪ್ರತಿ ಓರೆಯಲ್ಲೂ ಥಿಂಬಲ್ ನನ್ನ ಎಡಗಡೆಯಿಂದ ಬಲಗಡೆಗೆ ಜಾರಿತು. ಈಜಿಬಿಡುತ್ತೇನೆಂದು ಎದ್ದ ನನ್ನ ಕೈಗೆ ಟ್ಯಾಂಟಿ ಹಗ್ಗ ತುರುಕಿದಳು.

“ಅಳೋದಾದ್ರೆ ಹಗ್ಗ ಎಳೀತಾ ಅಳು. ಎರಡೂ ಒಟ್ಟಿಗೆ ಮಾಡ್ಬೋದು.”

ಮಾಡಬಹುದಾಗಿತ್ತು. ಅಂಗೈ ಸುಲಿದದ್ದು ಮರುದಿನ ಗೊತ್ತಾಯಿತು.

ಲಂಗರು ಬೀಳುವ ಮೊದಲೇ ನೀರಿಗೆ ಹಾರಿದೆ. ಮರದ ಆಚೆಯ ನೆರಳಿನಲ್ಲಿ ಬುಟ್ಟಿ ಇಟ್ಟಲ್ಲೇ ಇತ್ತು. ಜೂನಿ ಎಚ್ಚರವಾಗಿದ್ದಳು. ಹೊದಿಕೆಯ ಅಂಚನ್ನು ಚೀಪುತ್ತ, ಒಂದು ಕಾಲನ್ನು ಬುಟ್ಟಿಯ ಅಂಚಿಗೇರಿಸಿ, ಶಂಖ ಹೊತ್ತು ಸಾಗುತ್ತಿದ್ದ ಏಡಿಯೊಂದನ್ನು ತದೇಕಚಿತ್ತದಿಂದ ನೋಡುತ್ತಿದ್ದಳು. ನನ್ನನ್ನು ಕಂಡು, ನಾನು ಬಟ್ಟೆ ಜಾಲಿಸಿ ಈಗಷ್ಟೇ ಬಂದೆನೆಂಬಂತೆ ಕೈ ಚಾಚಿದಳು. ನನ್ನ ಅಳು ನೋಡಿದ ಮೇಲೆಯೇ ಅವಳೂ ಅತ್ತದ್ದು. ನಾನು ಮರಳಿನಲ್ಲಿ ಕೂತು ಹಾಲೂಡಿಸುವಷ್ಟು ಹೊತ್ತು ಟ್ಯಾಂಟಿ ನಮಗೆ ಬೆನ್ನು ಮಾಡಿ, ಕೋಟಿಲ್ಲದೆ ಇದ್ದಕ್ಕಿದ್ದಂತೆ ಸಣ್ಣಗಾಗಿಹೋದ ಮೈಯಲ್ಲಿ, ಸಮುದ್ರವನ್ನು ನೋಡುತ್ತ ಕಾವಲು ಕೂತಳು. ಆಮೇಲೆ ಒದ್ದೆಯಾಗಿದ್ದ ನಮ್ಮಿಬ್ಬರನ್ನೂ ನೋಡಿ, ಕೋಟನ್ನು ತಂದು ಮಗುವಿಗೆ ಸುತ್ತಿದಳು.

“ಈಗ ಕೇಳಿ ಮೂರೂ ಜನ. ನಾವು ತಿರುಗಿದ್ದು ಹಂಡೆಗೆ.”

“ಹಂಡೆ ದೋಣೀಲೇ ಇದ್ಯಲ್ಲ ಟ್ಯಾಂಟಿ?” ಎಂದಳು ಐಯೋನಿ, ಆ ದಿನದ ತನ್ನ ಒಂದು ಮಾತನ್ನು ಖರ್ಚುಮಾಡಿ.

“ಈಗ ಇದೆ. ಆಗ ಮರ್ತಿದ್ದೆ. ವಯಸ್ಸಾಯ್ತಲ್ಲ ನಂಗೆ.”

“ಟ್ಯಾಂಟಿ, ತಪ್ಪು ನಂದು. ನಿಮ್ಮನ್ನ ಊರೆಲ್ಲ ಆಡ್ಕೊಂಡು ನಗುತ್ತೆ,” ಎಂದೆ.

“ನಗ್ಲಿ. ನಕ್ಕರೆ ನನ್ನ ದೋಣಿಗೇನು ತೂತು ಬೀಳುತ್ತಾ? ಡಾರ್ಕಸ್‌ಗೆ ಗೊತ್ತಾದ್ರೆ ನಿನ್ನ ತೊಟ್ಟಿಲು ಖಾಲಿಯಾಗುತ್ತೆ.” ಕೋಟಿಲ್ಲದ ಭುಜದತ್ತ ಗಲ್ಲ ಬಾಗಿಸಿ, ಅಲ್ಲಿ ಯಾರೂ ಇಲ್ಲವೆಂದು ನೆನಪಾಗಿ, ನನಗೇ ಹೇಳಿದಳು: “ಎಣಿಸಿದವಳು ನಾನು. ಸತ್ತವನಿಗೆ ತಟ್ಟೆ ಇಟ್ಟೆ, ಇರೋ ಮಗೂಗೆ ಇಡ್ಲಿಲ್ಲ. ತಪ್ಪು ಎಲ್ಲಿದೆ ಅಂತ ನಂಗೊತ್ತು. ಏಳು.”

ಹೊತ್ತು ಇಳಿಯುವಾಗ ದಡ ಸೇರಿದೆವು. ಬಾದಾಮಿ ಮರದ ಕೆಳಗೆ ಬಲೆ ಹೊಲಿಯುವ ಗಂಡಸರು ಹಾಯಿ ತಿರುಗಿದ್ದನ್ನು ನೋಡಿಯೇ ಇದ್ದರು. ಆ ಮಧ್ಯಾಹ್ನ ಅವರು ಬೇರೇನನ್ನೂ ನೋಡಿರಲಾರರು. ಬಾರ್ನಬಿ ಎದ್ದು ನಿಂತು ಕೂಗಿದ:

“ಏನ್ ಕ್ಯಾಪ್ಟನ್, ಕತ್ತು ಉಳುಕ್ತಾ?”

“ಹಂಡೆ ಮರ್ತಿದ್ದೆ.”

ಒಂದು ಕ್ಷಣ ಬಲೆಯ ಸೂಜಿಗಳೂ ನಿಂತವು. ಆಮೇಲೆ ಎದ್ದ ನಗೆಗೆ ಮರದ ಮೇಲಿನ ಹಕ್ಕಿಗಳು ಹಾರಿದವು. “ನನ್ನ ಉಂಗುರಕ್ಕೆ ತಿರುಗ್ಲಿಲ್ಲ, ಹಂಡೆಗೆ ತಿರುಗಿದ್ರಾ! ಪರದೆ ಬಳೇಲಿ ಮದುವೆಯಾದೆನಲ್ರೋ ನಾನು!” ಎಂದು ಬಾರ್ನಬಿ ನಕ್ಕನೋ ಅತ್ತನೋ ಹೇಳಲಾರೆ. ಟ್ಯಾಂಟಿ ಹಂಡೆಯನ್ನು ಎಲ್ಲರಿಗೂ ಕಾಣುವಂತೆ ಕಂಕುಳಲ್ಲಿ ಎತ್ತಿಕೊಂಡು, ಕಾಲು ಅಗಲಿಸಿ, ಆ ನಗೆಯ ನಡುವೆ ಮನೆಗೆ ನಡೆದಳು. ಹಿಂದಿರುಗಿ ನೋಡಲಿಲ್ಲ.

ಅತ್ತೆ ದಡದಲ್ಲಿ ನಿಂತಿದ್ದರು. ಮಗುವನ್ನು ತೆಗೆದುಕೊಂಡು, “ಇದೇನು, ಫೀಮಿ ಕೋಟು?” ಎಂದರು.

“ಚಳಿ ಇತ್ತು ಮಾ.”

“ಏಪ್ರಿಲ್‌ನಲ್ಲಿ,” ಎಂದರು. ನನ್ನ ಅಂಗೈ ನೋಡಿದರು. ಗುರುವಾರ ಹಡಗು ಹತ್ತುವಾಗ ಕೈಯಲ್ಲಿ ಪೆಟ್ಟಿಗೆ ಮಾತ್ರವಿತ್ತು. “ನೋಡಿದೆ. ಇಲ್ಲೇ ಇರ್ಲಿ,” ಎಂದಷ್ಟೇ ಹೇಳಿ ಹೋದರು.

ಅಂದಿನಿಂದ ಟ್ಯಾಂಟಿಗೆ ‘ಕ್ಯಾಪ್ಟನ್ ಹಂಡೆ’ ಎಂಬ ಹೆಸರು ನಿಂತಿತು. ದೋಣಿಯ ಹಿಂಭಾಗದಲ್ಲಿ ಯಾರೋ ಸುಣ್ಣದಲ್ಲಿ ಮೂರು ಕಾಲಿನ ಹಂಡೆ ಬರೆದರು. ಆಕೆ ಅಳಿಸಲಿಲ್ಲ, ಮಳೆಗೆ ಮಾಸಿದಾಗ ಇನ್ನೊಬ್ಬರು ತಿದ್ದಿದರು. ಅಂಗಡಿಯ ಮುಂದೆ ಹಾದುಹೋದರೆ ಒಳಗಿನವರು ಪಾತ್ರೆ ಬಡಿಯುತ್ತಾರೆ. ಐವತ್ತು ವರ್ಷ ತಿರುಗದೆ ಗಳಿಸಿದ ಘನತೆಯನ್ನು ಒಂದು ಸಂಜೆ ನನ್ನ ಸಲುವಾಗಿ ಊರಿನ ಬಾಯಿಗೆ ಹಾಕಿದವಳು, ಅದರ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಮರು ವರ್ಷದ ಈಸ್ಟರ್‌ಗೆ ಬುಟ್ಟಿಯಲ್ಲಿ ಅಂಗೈಯಗಲದ, ನೀಲಿ ಅಂಚಿನ ಹೊಸ ತಟ್ಟೆಯೊಂದಿತ್ತು. “ಆರು,” ಎಂದಳು, ನನ್ನ ಮುಖ ನೋಡದೆ.

ಹೋದ ಭಾನುವಾರ ಅತ್ತೆ ಬಂದಿದ್ದರು. ಜೂನಿ ಈಗ ಎದುರು ಮಾತಾಡುವಷ್ಟು ದೊಡ್ಡವಳು. ಅಂಗಡಿಯ ಮುಂದೆ ಪಾತ್ರೆ ಬಡಿದ ಸದ್ದು ಕೇಳಿ ಮಗಳೂ ಚಮಚದಿಂದ ತಟ್ಟೆ ಬಡಿದು, “ಕ್ಯಾಪ್ಟನ್ ಹಂಡೆ!” ಎಂದು ಕೂಗಿದಳು. ನನ್ನಿಂದ ತಡೆಯಲಾಗಲಿಲ್ಲ. ಮಗುವನ್ನು ಆಚೆ ಕಳಿಸಿ, ಬಾಗಿಲು ಹಾಕಿ, ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವರು ಜಾಯಿಕಾಯಿ ತೇಯುವುದನ್ನು ನಿಲ್ಲಿಸಲಿಲ್ಲ.

“ನಾಲ್ಕು ವರ್ಷ ಬೇಕಾಯ್ತಾ ಹೇಳೋಕೆ?” ಎಂದರು. “ಅವತ್ತು ನಕ್ಕವರೆಲ್ಲ ದಡ್ಡರು. ಉಂಗುರಕ್ಕೆ ತಿರುಗದವಳು ಹಂಡೆಗೆ ತಿರುಗ್ತಾಳಾ? ಆ ದೋಣೀಲಿ ತಟ್ಟೆ ಇಲ್ದೆ ಹೋದ ಜೀವ ಒಂದೇ ಅಲ್ವಾ?”

“ಗೊತ್ತಿತ್ತಾ ಮಾ? ಮತ್ತೆ... ಯಾಕೆ ಕರ್ಕೊಂಡು ಹೋಗ್ಲಿಲ್ಲ?”

“ಗೊತ್ತಾಗಿದ್ದಕ್ಕೇ ಬಿಟ್ಟುಹೋದೆ. ಫೀಮಿ ಅವರಪ್ಪನ ಮಾತನ್ನೇ ಮುರಿದ್ಲು. ಆ ಮಾತಾಡದ ಹುಡುಗಿ ಐಯೋನಿ, ನಾನು ಕೇಳ್ದೆ ಇದ್ರೂ ಬಂದು ಹಂಡೆ ವಿಷ್ಯ ಎರಡು ಸಲ ಹೇಳಿ ಹೋದ್ಲು. ಈ ಮಗೂಗೋಸ್ಕರ ಸುಳ್ಳು ಹೇಳೋರು ಇಲ್ಲಿ ಇಷ್ಟು ಜನ. ಗುವಾವ್‌ನಲ್ಲಿ ನಾನೊಬ್ಳೇ.” ಜಾಯಿಕಾಯಿಯ ಪುಡಿಯನ್ನು ಊದಿ, ಸೇರಿಸಿದರು: “ಆ ನೀಲಿ ಅಂಚಿನ ತಟ್ಟೆ ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ಇಲ್ಲಿ ಅಂಥದ್ದು ಸಿಗಲ್ಲ ಅಂತ ಫೀಮಿ ನಂಗೆ ಹೇಳಿ ಕಳಿಸಿದ್ಲು. ಯಾಕೆ ಅಂತ ಅವಳು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ.”

ಮರುದಿನ ನಾನು ಓಡಿಹೋಗಿ, ಟ್ಯಾಂಟಿಯನ್ನು ದಾಟಿ, ಎದುರು ನಿಂತು, ‘ಗುಡ್ ಮಾರ್ನಿಂಗ್’ ಹೇಳಿ, ಅತ್ತೆಗೆ ಎಲ್ಲ ತಿಳಿದಿದೆ, ಇನ್ನು ಊರಿಗೂ ನಿಜ ಹೇಳಿಬಿಡುತ್ತೇನೆ, ಬರೆದೂ ಬಿಡುತ್ತೇನೆ ಎಂದೆ. ಆಕೆ ಕೋಟಿನ ಜೇಬಿನಿಂದ ಶುಂಠಿ ತೆಗೆದು ಕಚ್ಚಿದಳು.

“ಬರ್ಕೋ. ನಮ್ಮೂರಲ್ಲಿ ಓದೋರು ಯಾರು? ಆದ್ರೆ ಬಾರ್ನಬಿಗೆ ಮಾತ್ರ ಹೇಳ್ಬೇಡ. ಮಗೂಗೆ ಅಂತ ಗೊತ್ತಾದ್ರೆ ಪಾಪ, ಅವನಿಗೆ ನಗೋಕೇ ಏನೂ ಉಳಿಯಲ್ಲ. ಅಲ್ವಾ ಅಪ್ಪಾ?”

ಖಾಲಿ ಬಿಟ್ಟ ಪುಟ ಹೀಗೆ ತುಂಬಿತು. ಜಗತ್ತಿನಲ್ಲಿ ಮಾತಿಗೆ ತಪ್ಪದವರನ್ನು ಹೊಗಳುವುದು ರೂಢಿ, ನಾನೂ ಹೊಗಳುತ್ತೇನೆ. ಆದರೆ ಜೀವಮಾನವೆಲ್ಲ ಒಂದು ಮಾತನ್ನು ಕಾಪಾಡಿಕೊಂಡು ಬಂದು, ಅದನ್ನು ಮುರಿಯಲೇಬೇಕಾದ ಗಳಿಗೆಯಲ್ಲಿ ಎರಡು ಗುಂಡಿ ಬಿಚ್ಚುವಷ್ಟೇ ತಡಮಾಡಿ ಮುರಿದು, ಮುರಿದದ್ದೇಕೆಂದು ಹೇಳಿಕೊಳ್ಳುವ ಸುಖವನ್ನೂ ಬಿಟ್ಟುಕೊಟ್ಟು, ಊರಿನ ನಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆಯುವವರು ಬೇರೆಯೇ ಒಂದು ಜಾತಿ. ಅವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ; ಅಡ್ಡಹೆಸರುಗಳ ಹಿಂದೆ ಇರುವುದರಿಂದ ನಮಗೆ ಕಾಣುವುದಿಲ್ಲ. ನಮ್ಮಂಥ ತಾಯಂದಿರ ಮಕ್ಕಳು ದೊಡ್ಡವರಾಗುವುದು ನಮ್ಮ ಎಚ್ಚರದಿಂದ ಮಾತ್ರವಲ್ಲ, ಅಂಥವರು ಸದ್ದಿಲ್ಲದೆ ಬುಟ್ಟಿಗೆ ಸೇರಿಸುವ ಒಂದು ತಟ್ಟೆಯಿಂದ.